ಗಬ್ಬದ ಹಸುವಿನ ಗರ್ಭಕಂಠವೂ ಅದರ ಸೂಕ್ಷ್ಮವಾದ ಕಾವಲೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗಳಲ್ಲಿ ಅಡಿಕೆ ತೋಟಕ್ಕೆ ಹಟ್ಟಿಗೊಬ್ಬರವೂ, ಮನೆಯ ಕೈಖರ್ಚಿಗೆ ಹಾಲಿನ ಹಣವೂ ಹಸುವಿನಿಂದಲೇ ಒದಗತಕ್ಕವು. ಹಸುವೊಂದು ಕಂದು ಹಾಕಿದರೆ ಕರುವೂ ಹೋಗಿ, ಒಂದು ಸೂಲಿನ ಹಾಲೂ ಕೈತಪ್ಪುವುದು. ಈ ನಷ್ಟಗಳಲ್ಲಿ ಕೆಲವು ನಮ್ಮ ಕೈಯಿಂದಲೇ ಆಗತಕ್ಕವಾದುದರಿಂದ, ಗರ್ಭಕಂಠದ ಕೆಲಸವನ್ನು ಗ್ರಾಮದ ಹಿರಿಯರೂ ಭೂಮಾಲೀಕರೂ ತಿಳಿದಿರುವುದು ಅವಶ್ಯಕ.

ಗರ್ಭಕೋಶಕ್ಕೂ ಯೋನಿಮಾರ್ಗಕ್ಕೂ ನಡುವೆ ಇರುವ ಗಟ್ಟಿಯಾದ ಕೊರಳೇ ಗರ್ಭಕಂಠವು. ಹಸುವಿನಲ್ಲಿ ಇದರ ಒಳಗೆ ಸಾಮಾನ್ಯವಾಗಿ ಮೂರರಿಂದ ಐದು ಬಳೆಗಳಂತಹ ಮಡಿಕೆಗಳಿರುವುವು. ಗಬ್ಬ ನಿಂತ ಬಳಿಕ ಅಂಟಾದ ದ್ರವವು ಅಲ್ಲಿ ಗಟ್ಟಿಯಾಗಿ, ಬಿರಡೆಯಂತೆ ದಾರಿಯನ್ನು ಮುಚ್ಚಿ, ರೋಗಾಣುಗಳನ್ನು ಹೊರಗೆ ನಿಲ್ಲಿಸುವುದು. ಸುಮಾರು 280 ದಿವಸಗಳು ತುಂಬಿದಾಗ ಕಂಠದ ನಾರುಗಳು ಸಡಿಲಗೊಂಡು, ನೀರಿನಂಶ ಹೆಚ್ಚಿ, ಮೆತ್ತಗಾಗಿ ತೆರೆದುಕೊಳ್ಳುವುದು.

ಈ ಬೀಗವನ್ನು ಕಾಯುವವರು ಯಾರು? ಪ್ರೊಜೆಸ್ಟರಾನ್ ಮೊದಲಾದ ಹಾರ್ಮೋನುಗಳು ಮುಖ್ಯವಾದವು. ಅವುಗಳ ಆಜ್ಞೆ ಜೀವಕೋಶದೊಳಗೆ ನಡೆಯುವಲ್ಲಿ ಬೇರೊಂದು ಸೂಕ್ಷ್ಮ ವರ್ಗವೂ ಪಾಲುಗೊಳ್ಳುವುದೆಂದು ಈಚೆಗೆ ತಿಳಿದುಬಂದಿದೆ. ಡಿಎನ್‌ಎಯನ್ನು ಗ್ರಾಮದ ಮೂಲ ಕಡತವೆಂದು ಭಾವಿಸಿದರೆ, ಅದರಿಂದ ತೆಗೆದ ಹುಕುಮಿನ ನಕಲೇ ಆರ್‌ಎನ್‌ಎ. ಆ ನಕಲಿನಂತೆ ಪ್ರೋಟೀನು ತಯಾರಾಗುವುದು. ಆದರೆ ಕೆಲವು ಆರ್‌ಎನ್‌ಎಗಳು ತಾವು ಯಾವ ಪ್ರೋಟೀನನ್ನೂ ಮಾಡಿಸದೆ, ಇತರ ನಕಲುಗಳು ಜಾರಿಯಾಗದಂತೆ ತಡೆಹಿಡಿಯುವುವು. ಸುಮಾರು 22 ಅಕ್ಷರಗಳಷ್ಟೇ ಉದ್ದವುಳ್ಳ ಮೈಕ್ರೋ ಆರ್‌ಎನ್‌ಎಗಳು ಈ ಜಾತಿಯವು. 1993ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಇವು ಮೊದಲು ಗೋಚರಿಸಿದುವು. ಈ ಶೋಧಕ್ಕಾಗಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕುನ್ ಎಂಬ ವಿಜ್ಞಾನಿಗಳಿಗೆ 2024ರಲ್ಲಿ ನೊಬೆಲ್ ಬಹುಮಾನವು ದೊರೆಯಿತು.

2010ರಲ್ಲಿ ಅಮೆರಿಕದ ಸಂಶೋಧಕರು ಇಲಿಗಳ ಗರ್ಭಕೋಶವನ್ನು ಪರೀಕ್ಷಿಸಿದಾಗ, ದಿನ ತುಂಬಿದಂತೆ 200 ಎಂಬ ಸಂಖ್ಯೆಯ ಮೈಕ್ರೋ ಆರ್‌ಎನ್‌ಎ ಕುಟುಂಬವು ಹೆಚ್ಚಿ, ಪ್ರಸವದ ನೋವನ್ನು ತಡೆದಿದ್ದ ಪ್ರೋಟೀನುಗಳು ತಗ್ಗಿದುದು ಕಂಡುಬಂದಿತು. ಅದೇ ವರ್ಷ ಸ್ತ್ರೀಯರ ಗರ್ಭಕಂಠದ ಪರೀಕ್ಷೆಯಲ್ಲಿಯೂ ಹೆರಿಗೆಯ ಬಳಿಕ ಇಂತಹ ಕೆಲವು ಆರ್‌ಎನ್‌ಎಗಳ ಪ್ರಮಾಣವು ಹೆಚ್ಚಿತ್ತು. ಇವನ್ನು ಹಸುವಿಗೆ ಅಕ್ಷರಶಃ ಅನ್ವಯಿಸತಕ್ಕದ್ದಲ್ಲ. ಆದರೂ ಗರ್ಭಕಂಠವು ಬರಿಯ ಮುಚ್ಚಳವಲ್ಲ, ಒಳಗಿನ ಸಿದ್ಧತೆ ಪೂರ್ತಿಯಾದ ಮೇಲೆಯೇ ತೆರೆಯತಕ್ಕ ಬಾಗಿಲೆಂಬುದು ಇವುಗಳಿಂದ ಸ್ಪಷ್ಟವಾಗುವುದು. ಆದಕಾರಣ ಕೆಳಗಿನ ಮೂರು ವಿಷಯಗಳನ್ನು ಅನುಸರಿಸತಕ್ಕದ್ದು.

ಮೊದಲನೆಯದಾಗಿ, ಗಬ್ಬದ ಹಸುಗಳಲ್ಲಿ ಕೆಲವು ನಡುವೆ ಬೆದೆಯ ಲಕ್ಷಣವನ್ನು ತೋರಿಸುವುದುಂಟು. ವಿಚಾರಿಸದೆ ಮತ್ತೊಮ್ಮೆ ಕೃತಕ ಗರ್ಭಧಾರಣೆ ಮಾಡಿಸಿದರೆ, ನಳಿಕೆಯು ಬಿರಡೆಯನ್ನು ಭೇದಿಸಿ ಗಬ್ಬ ಹೋಗಬಹುದು. ಧಾರಣೆಯಾದ ತಾರೀಖನ್ನು ಬರೆದಿಟ್ಟು, ಎರಡು ಮೂರು ತಿಂಗಳ ಬಳಿಕ ಪಶುವೈದ್ಯರಿಂದ ಪರೀಕ್ಷೆ ಮಾಡಿಸತಕ್ಕದ್ದು.

ಎರಡನೆಯದಾಗಿ, ಕಂಠವು ತೆರೆಯುವ ಮೊದಲು ಹಗ್ಗ ಕಟ್ಟಿ ಕರುವನ್ನು ಎಳೆಯಲಾಗದು. ಎಳೆದರೆ ಕಂಠ ಹರಿದು ತಾಯಿಯ ಜೀವಕ್ಕೇ ಅಪಾಯ. ನೀರಿನ ಚೀಲ ಕಾಣಿಸಿ ಒಂದೆರಡು ಗಂಟೆಯಾದರೂ ಕರು ಬಾರದಿದ್ದಲ್ಲಿ ತಡಮಾಡದೆ ಪಶುವೈದ್ಯರನ್ನು ಕರೆಯಿಸಬೇಕು.

ಮೂರನೆಯದಾಗಿ, ನಮ್ಮ ಮಲೆನಾಡು ಗಿಡ್ಡ ತಳಿಯ ಹಸುವು ಗಾತ್ರದಲ್ಲಿ ಚಿಕ್ಕದು. ದೊಡ್ಡ ತಳಿಯ ಹೋರಿಯ ವೀರ್ಯವನ್ನು ಕೊಡಿಸಿದರೆ ಕರುವು ದೊಡ್ಡದಾಗಬಹುದು. ಕಂಠ ಮೆತ್ತಗಾದರೂ ಎಲುಬಿನ ದಾರಿ ಅಷ್ಟು ಅಗಲವಾಗದು.

ಚಾರ್ಮಾಡಿ ಘಾಟಿಯ ಬುಡದ ಊರುಗಳಲ್ಲಿ ಮಳೆಗಾಲದ ರಾತ್ರಿ ವೈದ್ಯರು ಬಂದು ಮುಟ್ಟುವುದಕ್ಕೆ ಹೊತ್ತು ಹಿಡಿಯುವುದು. ಊರಿನ ಹಾಲಿನ ಸಂಘದಲ್ಲಿ ಗಬ್ಬದ ಹಸುಗಳ ಪಟ್ಟಿಯೊಂದನ್ನು ಇಡಿಸಿ, ಕರು ಹಾಕುವ ತಿಂಗಳನ್ನು ಮುಂಚಿತವಾಗಿ ಗುರುತಿಸಿಕೊಂಡರೆ, ಕರೆ ಹೋಗಬೇಕಾದ ಹೊತ್ತಿಗೆ ಹೋಗುವುದು. ಇದಕ್ಕೆ ಬೇಕಾದುದು ಒಂದು ಪುಸ್ತಕವೂ, ಮುಂದೆ ನಿಂತು ನಡೆಯಿಸುವ ಹಿರಿಯರೊಬ್ಬರೂ ಮಾತ್ರ.