ತೇಪೆ ಹಾಕಿದ ಕೋನ್

ಬೇಸ್ ಗಿಟಾರಿನ ಕ್ಯಾಬಿನೆಟ್ಟಿನ ಮುಂದಿನ ಜಾಲರಿ ಕಳಚಿದರೆ ಕಾಣುವುದು ಸ್ಪೀಕರಿನ ಕೋನ್. ಕಾಗದದ ತಿರುಳನ್ನು ಅಚ್ಚಿನಲ್ಲಿ ಒತ್ತಿ ಒಣಗಿಸಿದ, ಹೆಚ್ಚು ಆಳವಿಲ್ಲದ ಆಲಿಕೆ ಅದು. ಕೋನಿನ ಕತ್ತಿಗೆ ತಂತಿ ಸುತ್ತಿದ ವಾಯ್ಸ್ ಕಾಯಿಲ್ ಅಂಟಿರುತ್ತದೆ. ಮ್ಯಾಗ್ನೆಟ್ಟಿನ ನಡುವಿನ ಉಂಗುರದಂಥ ಸಂದಿಯಲ್ಲಿ ಈ ಕಾಯಿಲ್ ಎಲ್ಲಿಯೂ ತಾಗದೆ ಆಡಬೇಕು. ಅದರ ಇಕ್ಕೆಲದಲ್ಲಿ ಉಳಿಯುವ ಜಾಗ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಹಿಂದೆ ಸ್ಪೈಡರ್ ಎಂಬ ನೆರಿಗೆಬಟ್ಟೆಯ ಬಿಲ್ಲೆ, ಮುಂದೆ ಕೋನಿನ ಸುತ್ತಲಿನ ಮೆತ್ತನೆಯ ಅಂಚು, ಇವೆರಡೂ ಸೇರಿ ಅದನ್ನು ನಡುವಿಗೆ ಹಿಡಿದಿರುತ್ತವೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ಪ್ರಕಟಿಸಿದ ಈ ವಿನ್ಯಾಸದ ತಿರುಳು ಇಂದಿಗೂ ಹಾಗೆಯೇ ಇದೆ.

ಬೇಸ್ ಸ್ಪೀಕರಿಗೆ ಪೆಟ್ಟು ಹೆಚ್ಚು ಬೀಳಲು ಕಾರಣ ಅದು ನುಡಿಸುವ ಮಂದ್ರ ಸ್ವರಗಳೇ. ಸಾಮಾನ್ಯ ಗಿಟಾರಿನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ಮಿಡಿದರೆ, ನಾಲ್ಕು ತಂತಿಯ ಬೇಸ್ ಗಿಟಾರಿನದು 41ರಲ್ಲಿ, ಐದು ತಂತಿಯದು 31ರಲ್ಲಿ. ಸ್ವರ ಒಂದು ಸ್ಥಾಯಿ ಕೆಳಗಿಳಿದಾಗ ಅದೇ ಗಟ್ಟಿತನ ಉಳಿಯಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಚಲಿಸಬೇಕು. 1952ರಲ್ಲಿ ಬಂದ ಫೆಂಡರ್ ಬೇಸ್‌ಮನ್ ಈ ಭಾರವನ್ನೆಲ್ಲ ಒಂದೇ 15 ಇಂಚಿನ ಸ್ಪೀಕರಿನ ಮೇಲೆ ಹೊರಿಸಿತ್ತು. ಆಂಪೆಗ್ ಕಂಪನಿ 1969ರಲ್ಲಿ ಎಸ್‌ವಿಟಿ ಆಂಪ್ಲಿಫೈಯರಿನ ಜೊತೆಗೆ ತಂದ ಪೆಟ್ಟಿಗೆಯಲ್ಲಿ 10 ಇಂಚಿನ ಎಂಟು ಸ್ಪೀಕರುಗಳು ಅದನ್ನು ಹಂಚಿಕೊಂಡವು. ವಾದಕರು ಅದಕ್ಕೆ ಫ್ರಿಜ್ ಎಂದೇ ಹೆಸರಿಟ್ಟರು. ಎತ್ತಿ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಗಾಳಿಕಿಂಡಿ ಇರುವ ಪೆಟ್ಟಿಗೆಗಳಲ್ಲಿ ಇನ್ನೊಂದು ಅಪಾಯವಿದೆ. ಕಿಂಡಿಯನ್ನು ಹೊಂದಿಸಿದ ಸ್ವರಕ್ಕಿಂತ ಕೆಳಗೆ ನುಡಿಸಿದರೆ ಒಳಗಿನ ಗಾಳಿಯ ತಡೆ ತಪ್ಪಿ, ಕೋನ್ ಲಂಗುಲಗಾಮಿಲ್ಲದೆ ಜಿಗಿಯುತ್ತದೆ.

ಕೆಟ್ಟ ಸ್ಪೀಕರ್ ಬರ್ರೆನ್ನುತ್ತದೆ. ಹಾಗೆಂದು ಬರ್ರೆಂದದ್ದೆಲ್ಲ ಹರಿದ ಕೋನಲ್ಲ. ಸಡಿಲವಾದ ಸ್ಕ್ರೂ, ಕೋನಿನ ನಡುವನ್ನು ಮುಚ್ಚುವ ಡಸ್ಟ್ ಕ್ಯಾಪ್ ಅಂಟು ಬಿಟ್ಟದ್ದು, ಕಾಯಿಲಿಗೆ ಹೋಗುವ ತಂತಿ ಕೋನಿಗೆ ಬಡಿಯುವುದು, ಪೆಟ್ಟಿಗೆಯ ಹಿಡಿಕೆ, ಇವೂ ಅದೇ ಸದ್ದು ಮಾಡುತ್ತವೆ. ಬಲ್ಲವರು ಮೊದಲು ಎರಡೂ ಕೈಯ ಬೆರಳ ತುದಿಗಳಿಂದ ಕೋನನ್ನು ಸಮನಾಗಿ ಒತ್ತಿ, ಕಿವಿಗೊಟ್ಟು ಬಿಡುತ್ತಾರೆ. ಕರಕರ ಎಂದು ಉಜ್ಜುವ ಸದ್ದು ಬಂದರೆ ತೊಂದರೆ ಇರುವುದು ಕಾಗದದಲ್ಲಲ್ಲ, ಸಂದಿಯಲ್ಲಿ. ಅದಕ್ಕೆ ತೇಪೆ ಹಾಕಿ ಪ್ರಯೋಜನವಿಲ್ಲ. ಆಮೇಲೆ ಮಲ್ಟಿಮೀಟರ್. 8 ಓಮ್‌ನ ಸ್ಪೀಕರ್ ಅದರಲ್ಲಿ 6ರ ಆಸುಪಾಸು ತೋರಿಸಿದರೆ ಕಾಯಿಲ್ ಸರಿ ಇದೆ, ಏನೂ ತೋರಿಸದಿದ್ದರೆ ಕಾಯಿಲೋ ಅದಕ್ಕೆ ಹೋಗುವ ತಂತಿಯೋ ಕಡಿದಿದೆ. ಹಲವು ಸ್ಪೀಕರುಗಳ ಪೆಟ್ಟಿಗೆಯಲ್ಲಿ ತಂತಿ ಬಿಚ್ಚಿಯೇ ಅಳೆಯಬೇಕು, ಇಲ್ಲದಿದ್ದರೆ ಪಕ್ಕದವುಗಳ ಅಳತೆಯೂ ಸೇರಿಕೊಳ್ಳುತ್ತದೆ.

ಹರಿದ ಕೋನನ್ನು ಬೇಕೆಂದೇ ಬಳಸಿದವರೂ ಉಂಟು. ಗಿಟಾರ್ ವಾದಕ ಲಿಂಕ್ ರೇ 1958ರ ‘ರಂಬಲ್’ಗಾಗಿ ಪೆನ್ಸಿಲಿನಿಂದ ಸ್ಪೀಕರಿಗೆ ತೂತು ಹೊಡೆದರು, ಕಿಂಕ್ಸ್ ತಂಡದ ಡೇವ್ ಡೇವೀಸ್ 1964ರ ‘ಯು ರಿಯಲಿ ಗಾಟ್ ಮಿ’ಗಾಗಿ ಬ್ಲೇಡಿನಿಂದ ಸೀಳಿದರು. ಒರಟು ಗಿಟಾರಿಗೆ ಅದು ಒಪ್ಪಿತು. ಬೇಸಿಗೆ ಒಪ್ಪುವುದು ಕಷ್ಟ: ಕೋನ್ ದೂರ ಚಲಿಸುವುದರಿಂದ ಸೀಳು ದಿನೇ ದಿನೇ ಬೆಳೆಯುತ್ತದೆ.

ಕಾಗದದ ಭಾಗದಲ್ಲಷ್ಟೇ ಸೀಳಿದ್ದರೆ ರಿಪೇರಿ ಸುಲಭ, ಖರ್ಚೂ ಅಲ್ಪ. ತೆಳುವಾದ ಟಿಶ್ಯೂ ಅಥವಾ ಕಾಫಿ ಸೋಸುವ ಕಾಗದವನ್ನು ಕತ್ತರಿಸದೆ ಕೈಯಿಂದ ಹರಿದುಕೊಳ್ಳಬೇಕು; ಆಗ ಅಂಚಿನ ನಾರು ಬಿಚ್ಚಿಕೊಂಡು ಕೋನಿನ ನಾರಿನೊಂದಿಗೆ ಬೆರೆಯುತ್ತದೆ. ಸೀಳಿನ ಎರಡೂ ತುಟಿಗಳನ್ನು ಒಂದರ ಮೇಲೊಂದು ಏರದಂತೆ ಕೂಡಿಸಿ, ಸ್ವಲ್ಪ ನೀರು ಬೆರೆಸಿದ ಫೆವಿಕಾಲಿನಂಥ ಬಿಳಿ ಅಂಟು ಹಚ್ಚಿ, ಮೊದಲು ಹಿಂದೆ, ಅದು ಒಣಗಿದ ಮೇಲೆ ಮುಂದೆ ತೇಪೆ ಕೂರಿಸುತ್ತಾರೆ. ಅಂಟು ಕಡಿಮೆಯಾದಷ್ಟೂ ಒಳ್ಳೆಯದು. ಚಲಿಸುವ ಭಾಗದ ತೂಕ ಹೆಚ್ಚಿದರೆ ಅದರ ಸಹಜ ಕಂಪನ ಕೆಳಗಿಳಿಯುತ್ತದೆ, ಆದರೂ ಸಣ್ಣ ತೇಪೆಯ ವ್ಯತ್ಯಾಸ ಕಿವಿಗೆ ತಿಳಿಯದು. ಸೂಪರ್ ಗ್ಲೂ ಮಾತ್ರ ಬೇಡ. ಅದು ಗಾಜಿನಂತೆ ಗಡುಸಾಗುತ್ತದೆ, ಮುಂದಿನ ಬಿರುಕು ಅದರ ಪಕ್ಕದಲ್ಲೇ ಹುಟ್ಟುತ್ತದೆ. ನೆರಿಗೆಯ ಅಂಚು ಹರಿದಿದ್ದರೆ ಬಿಳಿ ಅಂಟೂ ಸಲ್ಲದು. ಒಣಗಿದ ಮೇಲೂ ಬಾಗುವ ರಬ್ಬರ್ ಜಾತಿಯ ಅಂಟೇ ಆಗಬೇಕು. ಸ್ಪಂಜಿನ ಅಂಚು ಹಳತಾಗಿ ಪುಡಿ ಉದುರುತ್ತಿದ್ದರೆ ಪೂರ್ತಿ ಕಿತ್ತು ಹೊಸದು ಅಂಟಿಸುವುದೊಂದೇ ದಾರಿ.

ಕಾಯಿಲ್ ಸುಟ್ಟಾಗ ಅಥವಾ ಕೋನ್ ಚಿಂದಿಯಾದಾಗ ಮಾಡುವ ಕೆಲಸ ರೀಕೋನಿಂಗ್. ಹಳೆಯ ಕೋನ್, ಸ್ಪೈಡರ್, ಕಾಯಿಲ್ ಮೂರನ್ನೂ ಕತ್ತರಿಸಿ ತೆಗೆದು, ಸಂದಿಗೆ ಟೇಪು ಮುಚ್ಚಿ, ಚೌಕಟ್ಟಿನ ಮೇಲಿನ ಒಣಗಿದ ಅಂಟನ್ನು ಹೆರೆಯುತ್ತಾರೆ. ಸಂದಿಯೊಳಗಿನ ಕಬ್ಬಿಣದ ಪುಡಿ ಊದಿದರೆ ಹೋಗದು, ಮ್ಯಾಗ್ನೆಟ್ ಬಿಡಬೇಕಲ್ಲ. ಅಂಟುಟೇಪನ್ನು ಮಡಿಸಿ ಸುತ್ತಲೂ ಆಡಿಸಿ, ಅದಕ್ಕೆ ಅಂಟಿಸಿಕೊಂಡೇ ಹೊರತೆಗೆಯಬೇಕು. ಒಂದು ಚೂರು ಉಳಿದರೂ ಹೊಸ ಕಾಯಿಲ್ ಉಜ್ಜತೊಡಗುತ್ತದೆ. ಅನಂತರ ಹೊಸ ಕಾಯಿಲನ್ನು ಇಳಿಸಿ, ಅದಕ್ಕೂ ಮ್ಯಾಗ್ನೆಟ್ಟಿನ ನಡುಗಂಬಕ್ಕೂ ಮಧ್ಯೆ ಪ್ಲಾಸ್ಟಿಕ್ಕಿನ ಅಥವಾ ಹಳೆಯ ಎಕ್ಸ್‌ರೇ ಫಿಲ್ಮಿನ ಪಟ್ಟಿಗಳನ್ನು ಸುತ್ತಲೂ ತುರುಕಿ, ಅಲ್ಲಾಡದಂತೆ ನಿಲ್ಲಿಸಿ, ಸ್ಪೈಡರ್ ಮತ್ತು ಅಂಚನ್ನು ಅಂಟಿಸುತ್ತಾರೆ. ಕೈಚಳಕವೆಲ್ಲ ಇರುವುದು ಇಲ್ಲಿಯೇ. ಕೋನ್ ಎಷ್ಟು ಅಂದವಾಗಿ ಕೂತರೂ ಕಾಯಿಲ್ ಕೂದಲೆಳೆಯಷ್ಟು ವಾಲಿದರೆ ಕೆಲಸ ಕೆಟ್ಟಂತೆ. ಅಂಟು ಪೂರ್ತಿ ಒಣಗಿದ ಮೇಲೆ ಪಟ್ಟಿ ಕಿತ್ತು, ಮಂದ್ರ ಸ್ವರವೊಂದನ್ನು ಸಣ್ಣಗೆ ಹರಿಸಿ ಉಜ್ಜಾಟವಿಲ್ಲವೆಂದು ಖಚಿತಪಡಿಸಿಕೊಂಡೇ ಡಸ್ಟ್ ಕ್ಯಾಪ್ ಮುಚ್ಚುತ್ತಾರೆ. ಆತುರಪಟ್ಟು ಮೊದಲೇ ಮುಚ್ಚಿದರೆ ಪಟ್ಟಿ ಹಾಕಲು ಮತ್ತೆ ದಾರಿಯಿಲ್ಲ.

ಬೇಸ್ ಸ್ಪೀಕರಿಗೂ ಜಾತ್ರೆ ಮದುವೆಗಳ ಧ್ವನಿವರ್ಧಕಕ್ಕೂ ಒಳಗಿನ ರಚನೆ ಒಂದೇ ಆದ್ದರಿಂದ, ಸೌಂಡ್ ಸಿಸ್ಟಮ್ ಬಾಡಿಗೆಯವರ ಸ್ಪೀಕರಿಗೆ ಕಾಯಿಲ್ ಹಾಕುವವರೇ ಇದನ್ನೂ ಮಾಡಬಲ್ಲರು. ಬೆಂಗಳೂರಿನಲ್ಲಿ ಬಿಡಿಭಾಗ ಹುಡುಕುವವರು ಹೋಗುವುದು ಎಸ್.ಪಿ. ರಸ್ತೆಗೆ. ಆದರೆ ಅಳತೆಗೆ ಹೊಂದಿದ ಯಾವುದೋ ಕೋನ್ ಹಾಕಿದರೆ ಸ್ಪೀಕರ್ ನುಡಿಯುತ್ತದೆ, ಹಳೆಯ ನಾದ ಬರುವುದಿಲ್ಲ. ಬೆಲೆಬಾಳುವ ಸ್ಪೀಕರಿಗೆ ತಯಾರಕರದೇ ಕಿಟ್ ತರಿಸುವುದು ಮೇಲು; ಅಗ್ಗದ್ದಾದರೆ ಹೊಸದನ್ನೇ ಕೊಳ್ಳುವುದು ಲಾಭ.

ಮರಳಿ ಜೋಡಿಸುವಾಗ ಪ್ಲಸ್ ಮೈನಸ್ ತಪ್ಪಬಾರದು. 1.5 ವೋಲ್ಟಿನ ಸೆಲ್ಲನ್ನು ಕ್ಷಣಮಾತ್ರ ತಾಗಿಸಿದಾಗ ಎಲ್ಲ ಕೋನುಗಳೂ ಒಂದೇ ದಿಕ್ಕಿಗೆ ಜಿಗಿಯಬೇಕು. ಒಂದು ತಿರುವುಮುರುವಾದರೂ ಅದು ತಳ್ಳಿದ ಗಾಳಿಯನ್ನು ಪಕ್ಕದ್ದು ಎಳೆದುಕೊಂಡು ಬೇಸ್ ಸೊರಗುತ್ತದೆ. ಕೊನೆಗೆ ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾರೆ. ಒಂದೇ ಕಡೆಯಿಂದ ಬಿಗಿದರೆ ಚೌಕಟ್ಟು ತಿರುಚಿಕೊಂಡು, ಅಷ್ಟು ಜತನದಿಂದ ನಡುವಿಗೆ ಕೂರಿಸಿದ ಕಾಯಿಲ್ ಮತ್ತೆ ಉಜ್ಜಬಹುದು.