ಗೋಡೆಯ ಮೇಲಿನ ಶಂಕರರು: ಆ ಮುಖ ಬಂದದ್ದು ಎಲ್ಲಿಂದ?

ಯಲ್ಲಾಪುರ ತಾಲ್ಲೂಕಿನ ಇಡಗುಂದಿ ಸೀಮೆಯ ಹಳೆಯ ಹವ್ಯಕ ಮನೆಗಳ ಜಗುಲಿಯಲ್ಲಿ ಕಟ್ಟು ಹಾಕಿಸಿದ ಆದಿ ಶಂಕರಾಚಾರ್ಯರ ಪಟ ಅಪರೂಪವೇನಲ್ಲ. ಈ ಭಾಗದ ಸೋಂದಾ ಸ್ವರ್ಣವಲ್ಲೀ ಮಠವೂ ಶಂಕರರ ಅದ್ವೈತ ಪರಂಪರೆಗೇ ಸೇರಿದ್ದು. ನಡುವೆ ಕಾವಿಧಾರಿಯಾದ ತರುಣ ಗುರು, ಸುತ್ತ ನಾಲ್ವರು ಶಿಷ್ಯರು. ಮನೆಮನೆಗೆ ತಲುಪಿದ ಈ ಪಟದ ಮೂಲ, ರಾಜಾ ರವಿವರ್ಮ 1904ರಲ್ಲಿ ರಚಿಸಿದ ವರ್ಣಚಿತ್ರ.

ಶಂಕರರು 8ನೇ ಶತಮಾನದವರೆಂಬುದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಅವರನ್ನು ಕಂಡು ಬರೆದ ಚಿತ್ರ ಯಾವುದೂ ಉಳಿದು ಬಂದಿಲ್ಲ. ಸಾವಿರ ವರ್ಷಗಳಿಗೂ ಮಿಕ್ಕ ಅಂತರದಲ್ಲಿ ನಿಂತ ಕಲಾವಿದನ ಎದುರಿಗಿದ್ದುದು ಮುಖವಲ್ಲ, ಕಥೆ.

ಆ ಕಥೆಯನ್ನು ಬಲ್ಲವರಿಗೆ ಚಿತ್ರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಚಾರ್ಯರು 32ನೇ ವಯಸ್ಸಿಗೇ ದೇಹ ಬಿಟ್ಟರೆಂಬುದು ಸಂಪ್ರದಾಯದ ನಂಬಿಕೆ; ಹಾಗಾಗಿ ಗುರುವಿನ ಮುಖದಲ್ಲಿ ಮುಪ್ಪಿನ ಗುರುತಿಲ್ಲ. ಪದ್ಮಪಾದ, ಸುರೇಶ್ವರ, ಹಸ್ತಾಮಲಕ, ತೋಟಕರು ಬೇರೆ ಬೇರೆ ಸಂದರ್ಭಗಳಲ್ಲಿ ಶಿಷ್ಯರಾದವರು. ಮಾಧವೀಯ ಶಂಕರ ದಿಗ್ವಿಜಯದ ಪ್ರಕಾರ ಹಸ್ತಾಮಲಕ ದೊರೆತದ್ದು ಇದೇ ಜಿಲ್ಲೆಯ ಗೋಕರ್ಣವನ್ನು ಸಂದರ್ಶಿಸಿದ ನಂತರದ ಸಂಚಾರದಲ್ಲಿ. ಚಿತ್ರಕಾರ ಅವರೆಲ್ಲರನ್ನೂ ಒಂದೇ ಪಾಠಕ್ಕೆ ಕೂರಿಸಿದ್ದಾನೆ. ಮರದಡಿ ಕುಳಿತ ತರುಣ ಗುರು ಎಂದೊಡನೆ ದಕ್ಷಿಣಾಮೂರ್ತಿಯ ನೆನಪೂ ಆಗದಿರದು. ಶಂಕರರನ್ನು ಶಿವನ ಅವತಾರವೆಂದು ಭಾವಿಸುವ ಮನೆಗಳಲ್ಲಿ ಈ ಹೋಲಿಕೆಗೆ ವಿವರಣೆಯೇ ಬೇಕಿಲ್ಲ.

ಆಚಾರ್ಯತ್ರಯರ ಪಟಗಳನ್ನು ಮುಖ ನೋಡಿ ಗುರುತಿಸುವುದಕ್ಕಿಂತ ಲಾಂಛನ ನೋಡಿ ಗುರುತಿಸುವುದು ಸುಲಭ. ರಾಮಾನುಜರಿಗೆ ತ್ರಿದಂಡ, ಹಣೆಯಲ್ಲಿ ಊರ್ಧ್ವಪುಂಡ್ರ. ಶಂಕರರಿಗೂ ಮಧ್ವರಿಗೂ ಏಕದಂಡವೇ ಆದ್ದರಿಂದ ದಂಡವೊಂದನ್ನೇ ನಂಬುವಂತಿಲ್ಲ. ಅಡ್ಡಲಾಗಿ ಬಳಿದ ಭಸ್ಮದ ಮೂರು ಗೆರೆ ಶಂಕರರದು, ಎತ್ತಿದ ಎರಡು ಬೆರಳು ದ್ವೈತ ಸಾರಿದ ಮಧ್ವರದು.

ಪಟದಲ್ಲಿರುವುದೇ ಆಚಾರ್ಯರ ನಿಜರೂಪವೆಂದು ಮಕ್ಕಳಿಗೆ ಹೇಳಿಕೊಡುವುದು ಇಂದಿಗೂ ಉಂಟು. ಭಕ್ತಿಗೆ ಅದರಿಂದ ಬಾಧಕವಿಲ್ಲ. ಇತಿಹಾಸದ ಪಾಠವಾಗಿ ಮಾತ್ರ ಅದು ಸಲ್ಲದು. ರೂಪ ಇಂದಿಗೂ ಬದಲಾಗುತ್ತಿರುವುದೇ ಇದಕ್ಕೆ ಸಾಕ್ಷಿ. ಓಂಕಾರೇಶ್ವರದಲ್ಲಿ 2023ರಲ್ಲಿ ಅನಾವರಣಗೊಂಡ 108 ಅಡಿ ಪ್ರತಿಮೆಗೆ ಆಧಾರವಾದದ್ದು ಕಾರ್ಕಳ ಮೂಲದ ಕಲಾವಿದ ವಾಸುದೇವ ಕಾಮತ್ ಬರೆದ ಚಿತ್ರ. ಅಲ್ಲಿ ಶಿಷ್ಯರಿಲ್ಲ, ಉಪದೇಶವಿಲ್ಲ. 12 ವರ್ಷದ ಬಾಲಕ ಶಂಕರ ನಿಂತಿದ್ದಾನೆ.