ಆಟದ ಒಂದು ಹಳೆಯ ಹೆಸರು

ಇಂಗ್ಲಿಷಿನಲ್ಲಿ ‘ಡಿಸ್‌ಪೋರ್ಟ್’ ಎಂಬುದೊಂದು ಹಳೆಯ ಮಾತು. ಕ್ರೀಡಿಸು, ನಲಿದಾಡು ಎಂದು ಅದರ ಅರ್ಥ. ಇಂದಿನ ಮಾತುಕತೆಯಲ್ಲಿ ಅದು ಅಪರೂಪ. ಆದರೆ ಅದರಿಂದಲೇ ಹುಟ್ಟಿದ ‘ಸ್ಪೋರ್ಟ್’ ಎಂಬ ಮಾತನ್ನು ಅರಿಯದವರಿಲ್ಲ. ಮೊದಲಿನ ‘ಡಿ’ ಸವೆದುಹೋಗಿ, ಉಳಿದದ್ದು ಜಗತ್ತನ್ನೆಲ್ಲ ಸುತ್ತಿತು.

ಈ ಪದದ ಮೂಲ ಲ್ಯಾಟಿನ್. ‘ಪೋರ್ಟಾರೆ’ ಎಂದರೆ ಹೊರು, ಒಯ್ಯು. ‘ಡಿಸ್’ ಎಂಬ ಉಪಸರ್ಗಕ್ಕೆ ದೂರಕ್ಕೆ, ಬೇರೆಡೆಗೆ ಎಂಬ ಅರ್ಥ. ರೈಲು ನಿಲ್ದಾಣದಲ್ಲಿ ನಮ್ಮ ಹೊರೆ ಹೊರುವ ಪೋರ್ಟರನ ಹೆಸರೂ ಇದೇ ಧಾತುವಿನದು. ಮನಸ್ಸನ್ನು ನಿತ್ಯದ ಚಿಂತೆಯಿಂದ ಬೇರೆಡೆಗೆ ಒಯ್ಯುವುದೇ ಡಿಸ್‌ಪೋರ್ಟ್. ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಇದನ್ನು 14ನೆಯ ಶತಮಾನದ ಚಾಸರ್ ಕವಿ ಬಳಸಿದ್ದಾನೆ.

ಸಂಸ್ಕೃತದಿಂದ ನಮಗೆ ಬಂದ ‘ವಿಹಾರ’ವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ‘ಹೃ’ ಧಾತುವಿಗೂ ಒಯ್ಯು ಎಂದೇ ಅರ್ಥ. ‘ವಿ’ ಎಂದರೆ ಬೇರೆಯಾಗಿ. ‘ವಿನೋದ’ದಲ್ಲಿರುವ ‘ನುದ್’ ಎಂದರೆ ನೂಕು. ಬೇಸರವನ್ನು ಆಚೆಗೆ ನೂಕುವುದೇ ವಿನೋದ. ಧಾತುಗಳು ಬೇರೆ, ನಾಡುಗಳು ಬೇರೆ. ಆಟವನ್ನು ಕುರಿತ ತಿಳಿವಳಿಕೆ ಮಾತ್ರ ಒಂದೇ.

‘ಸ್ಪೋರ್ಟ್’ ಎಂಬ ಮಾತಿಗೂ ಮೊದಮೊದಲು ಇದೇ ವಿಶಾಲವಾದ ಅರ್ಥವಿತ್ತು. ಭಾನುವಾರ ಪ್ರಾರ್ಥನೆಗೆ ಮಾತ್ರ ಮೀಸಲೆಂದು ಪ್ಯೂರಿಟನ್ನರು ಹಟ ಹಿಡಿದಾಗ, 1618ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸ್ ‘ಬುಕ್ ಆಫ್ ಸ್ಪೋರ್ಟ್ಸ್’ ಎಂದು ಹೆಸರಾದ ಘೋಷಣೆ ಹೊರಡಿಸಿದ. ಪೂಜೆ ಮುಗಿದ ಮೇಲೆ ಕುಣಿತ, ಬಿಲ್ಲುಗಾರಿಕೆ, ನೆಗೆತ ಎಲ್ಲಕ್ಕೂ ಅದರಲ್ಲಿ ಅನುಮತಿಯಿತ್ತು. ಉಳಿದ ದಿನಗಳೆಲ್ಲ ದುಡಿಯುವ ಬಡವರಿಗೆ ಬಿಡುವು ಬೇರೆ ಎಲ್ಲಿದೆ ಎಂಬುದು ಅದರ ವಾದ. 1643ರಲ್ಲಿ ಪಾರ್ಲಿಮೆಂಟು ಆ ಪುಸ್ತಕವನ್ನು ಸುಡಿಸಿತು. ಆಟದ ಬಿಡುವು ಅಷ್ಟು ದೊಡ್ಡ ಜಗಳದ ವಿಷಯವಾಗಿತ್ತು!

1747ರಲ್ಲಿ ಅಚ್ಚಾದ ತನ್ನ ಕವಿತೆಯಲ್ಲಿ ಥಾಮಸ್ ಗ್ರೇ, ಥೇಮ್ಸ್ ದಡದ ಈಟನ್ ಶಾಲೆಯ ಹುಡುಗರ ಆಟವನ್ನು ಬಣ್ಣಿಸಲು ಹಳೆಯ ‘ಡಿಸ್‌ಪೋರ್ಟ್’ ಕ್ರಿಯಾಪದವನ್ನೇ ಆರಿಸಿಕೊಂಡ. ಮುಂದೆ ಕಾದಿರುವ ದುಃಖಗಳ ಅರಿವಿಲ್ಲದ ಮಕ್ಕಳಿಗೆ ಅದು ಸರಿಯಾದ ಮಾತೇ.

ಅನಂತರ ಸ್ಪೋರ್ಟ್ ಎಂದರೆ ನಿಯಮ, ಪಂದ್ಯ, ಪದಕ ಎಂದಾಯಿತು. ಇವುಗಳಿಂದ ಕ್ರೀಡೆ ಬೆಳೆದಿದೆ, ನಿಜ. ಆದರೆ ಆಟವೂ ಪುಸ್ತಕದ ಚೀಲದಂತೆ ಮಗುವಿನ ಹೆಗಲೇರಿದಾಗ ಪದದ ಮೂಲಾರ್ಥವೇ ತಲೆಕೆಳಗಾಗುತ್ತದೆ. ಹೊರೆಯಿಂದ ದೂರ ಒಯ್ಯಬೇಕಾದುದೇ ಹೊರೆಯಾಗುತ್ತದೆ. ಗೆಲ್ಲಲೇಬೇಕೆಂಬ ಹಂಗಿಲ್ಲದೆ ಸಂಜೆ ಬೀದಿಯಲ್ಲಿ ಆಡಿ ಬರುವ ಮಗು, ನಿಘಂಟನ್ನು ತೆರೆಯದೆಯೇ ಡಿಸ್‌ಪೋರ್ಟಿನ ಅರ್ಥವನ್ನು ಬಲ್ಲದು.